ಮಹಡಿ ಕೋಣೆಯ ಬ್ರದರ್ ಮತ್ತು ಹೊಸತೊಡಕಿನ ಕೇಸು

೧೭ ಆಗಸ್ಟ್ ೨೦೦೮, ಭಾನುವಾರ. ಬೆಳಿಗ್ಗೆ ಹತ್ತೂಕಾಲಿಗೆ ಬರೆಯಲು ಕುಳಿತೆ.

ರಂಜಾನ್ ಹತ್ತಿರ ಬಂತೆಂದು ಅಮ್ಮಿ ಇವತ್ತು ಅಟ್ಟ ಖಾಲಿ ಮಾಡಿಸಿದರು. ನಾನು ಏಣಿ ಹತ್ತಿ ಒಂದೊಂದೇ ಸಾಮಾನು ಕೆಳಗೆ ಕೊಡುತ್ತಿದ್ದೆ. ಹಳೆಯ ಸ್ಟವ್, ಒಡೆದ ಬಕೆಟ್, ನನ್ನ ಹೈಸ್ಕೂಲ್ ಪುಸ್ತಕಗಳ ಕಟ್ಟು... ಅವುಗಳ ಹಿಂದೆ ಒಂದು ಬಿಸ್ಕತ್ತಿನ ತಗಡಿನ ಡಬ್ಬ ಸಿಕ್ಕಿತು. ಅದರ ಪಕ್ಕಗಳಲ್ಲಿ ಸಾಲಾಗಿ ತೂತುಗಳು, ತೂತುಗಳ ಮೇಲೆ ಸುತ್ತಿ ಕಟ್ಟಿದ ಬಿಳಿ ಬಟ್ಟೆಯ ಪಟ್ಟಿ. ಮುಚ್ಚಳ ತೆಗೆದೆ. ಗಾಯಕ್ಕೆ ಕಟ್ಟಲು ಚೌಕವಾಗಿ ಮಡಚಿದ ಗಾಜ್ ಬಟ್ಟೆಗಳು ಇಟ್ಟ ಹಾಗೆಯೇ ಇದ್ದವು, ಅಂಚು ಮಾತ್ರ ಹಳದಿಯಾಗಿತ್ತು. ಮೊದಲು ಬೇಯಿಸಿದ ಬಟ್ಟೆಯ ವಾಸನೆ ಬಂತು, ಅದರ ಹಿಂದೆ ಇದ್ದೂ ಇಲ್ಲದ ಹಾಗೆ ಸ್ಪಿರಿಟ್ಟಿನ ವಾಸನೆ.

ಅಮ್ಮಿ ಕೆಳಗಿನಿಂದ ತಲೆ ಎತ್ತಿ ನೋಡಿ, "ಅದನ್ನ ಎಸೀಬೇಡ, ಬ್ರದರ್‌ದು" ಅಂದರು.

ಆಸ್ಪತ್ರೆಗಳಲ್ಲಿ ನರ್ಸ್ ಕೆಲಸ ಮಾಡುವ ಹೆಂಗಸರನ್ನು ಸಿಸ್ಟರ್ ಎನ್ನುವ ಹಾಗೆ ಗಂಡಸರನ್ನು ಬ್ರದರ್ ಎನ್ನುತ್ತಾರೆ. ತುಮಕೂರಿನ ಬಟವಾಡಿಯ ನಮ್ಮ ಮನೆಯ ಮಹಡಿ ಮೇಲಿನ ಒಂಟಿ ಕೋಣೆಗೆ ಬಾಡಿಗೆಗೆ ಬಂದವರು ಅಂಥ ಒಬ್ಬರು. ಅದು ೧೯೯೯ರ ಜೂನ್, ನಾನು ಎಂಟನೇ ತರಗತಿಗೆ ಸೇರಿದ ತಿಂಗಳು. ಅವರ ಊರು ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿ. ಕೆಲಸ ನಮ್ಮ ಮನೆಯಿಂದ ನಡೆದು ಹೋಗಬಹುದಾದಷ್ಟು ದೂರದ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ. ಮದುವೆಯಾಗದ ಗಂಡಸಿಗೆ ಕೋಣೆ ಕೊಡುವುದು ಬೇಡ ಎಂದು ಅಮ್ಮಿ ಮೊದಲೇ ಹೇಳಿದ್ದರು. ಅಬ್ಬಾ ಮಾತ್ರ ಅಡ್ವಾನ್ಸಿನ ಮಾತು ಎತ್ತುವ ಮೊದಲೇ ಒಂದು ಪ್ರಶ್ನೆ ಕೇಳಿದರು: ಹಳೆಯ ಹುಣ್ಣಿಗೆ ಡ್ರೆಸಿಂಗ್ ಮಾಡಿ ಅಭ್ಯಾಸವಿದೆಯಾ?

ಕಾರಣ ನಮ್ಮ ನಾನಿ, ಅಂದರೆ ಅಮ್ಮಿಯ ತಾಯಿ. ಅವರಿಗೆ ಸಕ್ಕರೆ ಕಾಯಿಲೆ. ಆ ಬೇಸಿಗೆಯಲ್ಲಿ ಬಲಗಾಲಿನ ಒಂದು ಬೆರಳನ್ನು ಆಸ್ಪತ್ರೆಯಲ್ಲಿ ತೆಗೆದಿದ್ದರು. ಗಾಯ ಮಾಯುತ್ತಿರಲಿಲ್ಲ. ಕಟ್ಟು ಬಿಚ್ಚಿಸಿ ಕಟ್ಟಿಸಿಕೊಂಡು ಬರಲು ದಿನಾ ಆಟೋದಲ್ಲಿ ಹೋಗಬೇಕಿತ್ತು. ಬ್ರದರ್ ಬಂದ ಮೇಲೆ ಆ ಓಡಾಟ ನಿಂತಿತು. ಬೆಳಗಿನ ಡ್ಯೂಟಿ ಇದ್ದರೆ ಸಂಜೆ, ರಾತ್ರಿ ಡ್ಯೂಟಿ ಇದ್ದರೆ ಬೆಳಿಗ್ಗೆ, ಅವರು ಕೈ ತೊಳೆದುಕೊಂಡು ನಾನಿಯ ಮಂಚದ ಪಕ್ಕ ಒಂದು ಮಣೆ ಹಾಕಿಕೊಂಡು ಕೂರುತ್ತಿದ್ದರು.

ಮೊದಲ ದಿನ ನಾನಿ ಕಾಲನ್ನು ಸೀರೆಯೊಳಗೆ ಎಳೆದುಕೊಂಡು ಗೋಡೆ ಕಡೆ ಮುಖ ಮಾಡಿದ್ದರು. ಪರಗಂಡಸು, ಅದೂ ಮೊಮ್ಮಗನ ವಯಸ್ಸಿನವನು. ಬ್ರದರ್ ಬಲವಂತ ಮಾಡಲಿಲ್ಲ, ಕಾಯುತ್ತಾ ಕೂತರು. ಕೊನೆಗೆ ಕಾಲು ತಾನಾಗಿಯೇ ಹೊರಗೆ ಬಂತು. ಒಂದು ತಿಂಗಳಾಗುವಷ್ಟರಲ್ಲಿ ನಾನಿ ತಮ್ಮ ಹರಕು ಕನ್ನಡದಲ್ಲಿ ಅವರನ್ನು ರೇಗಿಸತೊಡಗಿದ್ದರು. "ನನ್ನ ಗಂಡಾನೂ ಈ ಕಾಲನ್ನ ಇಷ್ಟು ಹೊತ್ತು ನೋಡಿರ್ಲಿಲ್ಲ ಕಣಪ್ಪಾ" ಎಂದು ಒಂದು ದಿನ ಹೇಳಿದಾಗ ಬ್ರದರ್‌ಗೆ ನಗು ತಡೆಯಲಾಗದೆ ಕೈಯಲ್ಲಿದ್ದ ಇಕ್ಕಳ ಕೆಳಗೆ ಬಿತ್ತು. ಬಿದ್ದದ್ದನ್ನು ಮತ್ತೆ ಬಳಸಲಿಲ್ಲ. ಎದ್ದು ಹೋಗಿ ನೀರು ಕುದಿಸಿ, ಅದರಲ್ಲಿ ಇಕ್ಕಳ ಹಾಕಿ, ಮತ್ತೆ ಬಂದು ಕೂತರು.

ಆ ಡಬ್ಬ ಆಗ ತಯಾರಾದದ್ದು. ಆಸ್ಪತ್ರೆಗಳಲ್ಲಿ ಗಾಜ್ ಬಟ್ಟೆಯನ್ನು ಆವಿಯಲ್ಲಿ ಬೇಯಿಸಿಡುವುದಕ್ಕೆ ತೂತುಗಳಿರುವ ಸ್ಟೀಲಿನ ಡ್ರಮ್ ಇರುತ್ತದೆ. ಅಬ್ಬಾಗೆ ಸತ್ಯಮಂಗಲದ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಲೇತ್ ಶಾಪ್ ಇದೆ. ಬ್ರದರ್ ಹೇಳಿದ ಅಳತೆಗೆ ಬಿಸ್ಕತ್ತಿನ ಡಬ್ಬಕ್ಕೆ ತೂತು ಹೊಡೆದುಕೊಂಡು ಬಂದರು. ಭಾನುವಾರ ಭಾನುವಾರ ಅದು ನಮ್ಮ ದೊಡ್ಡ ಕುಕ್ಕರಿನೊಳಗೆ ಕೂತು ವಿಸಿಲ್ ಹಾಕುತ್ತಿತ್ತು. ಆಮೇಲೆ ಮಾಡಿದ ಅನ್ನಕ್ಕೂ ಆಸ್ಪತ್ರೆಯ ವಾಸನೆ ಬರುತ್ತದೆ ಎಂದು ಅಮ್ಮಿಯ ತಕರಾರು. ಆದರೂ ಭಾನುವಾರ ಕುಕ್ಕರನ್ನು ತೊಳೆದಿಟ್ಟು ಕಾಯುತ್ತಿದ್ದವರು ಅವರೇ.

ನನಗೂ ಒಂದು ಕೆಲಸ ಸಿಕ್ಕಿತು. ನಾನಿಯ ಸಕ್ಕರೆ ಎಷ್ಟು, ಮಾತ್ರೆ ಕೊಟ್ಟದ್ದು ಯಾವಾಗ, ಗಾಯ ಯಾವ ಬಣ್ಣ, ಇವನ್ನೆಲ್ಲ ತಾರೀಖು ಹಾಕಿ ಬರೆದಿಡುವುದು. ಒಂದು ಸಲ ಮಧ್ಯಾಹ್ನದ ಮಾತ್ರೆ ಕೊಡುವುದು ಮರೆತು, ಕೊಟ್ಟೆ ಎಂದು ಗೆರೆ ಎಳೆದಿದ್ದೆ. ಬ್ರದರ್ ಬೈಯಲಿಲ್ಲ. ಮಾತ್ರೆ ಕೊಡದೇ ಇರುವುದಕ್ಕಿಂತ ಕೊಟ್ಟೆ ಎಂದು ಬರೆಯುವುದು ಹೆಚ್ಚು ಅಪಾಯ, ಮುಂದೆ ಬರುವ ನರ್ಸು ಅದನ್ನೇ ನಂಬುತ್ತಾಳೆ ಎಂದರು. "ಕೊಟ್ಟಿಲ್ಲ ಅಂದ್ರೆ ಕೊಟ್ಟಿಲ್ಲ ಅಂತ ಬರಿ. ಅಷ್ಟೇಯ." ನಾನು ಇವತ್ತಿಗೂ ಡೈರಿ ಬರೆಯುವುದು ಆ ಅಭ್ಯಾಸದಿಂದ.

೨೦೦೨ರ ಬೇಸಿಗೆಯಲ್ಲಿ ಬ್ರದರ್‌ಗೆ ಸರ್ಕಾರಿ ಸ್ಟಾಫ್ ನರ್ಸ್ ಹುದ್ದೆ ಸಿಕ್ಕಿತು. ಆಯ್ಕೆ ಪಟ್ಟಿಯಲ್ಲಿ ಹೆಸರು ಬಂತು, ಗುಬ್ಬಿ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಜಾಗ ಎಂದೂ ತಿಳಿಯಿತು. ನರ್ಸಿಂಗ್ ಹೋಮಿನ ಸಂಬಳದಲ್ಲಿ ಅವರು ಊರಿಗೂ ಕಳಿಸಿ, ತಾವೂ ಊಟ ಮಾಡಬೇಕಿತ್ತು. ಗುಬ್ಬಿಯ ಕೆಲಸ ಬಂದರೆ ತಾಯಿಯನ್ನು ಕರೆದುಕೊಂಡು ಬಂದು ಒಂದು ಮನೆ ಮಾಡುತ್ತೇನೆ ಎಂದು ಹೇಳಿಕೊಂಡಿದ್ದರು. ಅಬ್ಬಾ ಮಿಠಾಯಿ ತಂದರು. ನಾನಿಗೆ ಮಾತ್ರ ಸಂಕಟ. ಗುಬ್ಬಿಯಿಂದ ಬೆಳಿಗ್ಗೆ ರೈಲಿದೆ, ಭಾನುವಾರ ಭಾನುವಾರ ಬಂದೇ ಬರುತ್ತೇನೆ ಎಂದು ಬ್ರದರ್ ಮಾತು ಕೊಟ್ಟರು.

ಕೆಲಸಕ್ಕೆ ಸೇರುವ ಮೊದಲು ಪೊಲೀಸ್ ವೆರಿಫಿಕೇಷನ್ ಆಗಬೇಕು. ಅದಕ್ಕೆ ಒಂದು ಅರ್ಜಿ ತುಂಬಬೇಕು. ಅದರಲ್ಲಿ ಒಂದು ಪ್ರಶ್ನೆ: ನಿಮ್ಮ ಮೇಲೆ ಯಾವತ್ತಾದರೂ ಕೇಸ್ ಆಗಿದೆಯೇ, ನ್ಯಾಯಾಲಯ ದಂಡ ವಿಧಿಸಿದೆಯೇ? ನರ್ಸಿಂಗ್ ಹೋಮಿನ ಹಿರಿಯ ಸಿಸ್ಟರ್ ಒಬ್ಬರು ಆ ಸಂಜೆ ನಾನಿಯನ್ನು ನೋಡಲು ಬಂದಿದ್ದರು. ಎಲ್ಲರೂ ಇಲ್ಲ ಎಂದೇ ಬರೆಯುತ್ತಾರೆ, ನೀನೂ ಕಣ್ಣುಮುಚ್ಚಿಕೊಂಡು ಇಲ್ಲ ಎಂದು ಬರಿ ಎಂದರು. ನಮಗೆಲ್ಲ ಅದು ಯಾಕೆ ಚರ್ಚೆಯ ವಿಷಯ ಎಂದೇ ಅರ್ಥವಾಗಲಿಲ್ಲ. ಬ್ರದರ್ ನಮ್ಮ ಊಟದ ಮೇಜಿನ ಮೇಲೆ ಅರ್ಜಿ ಇಟ್ಟುಕೊಂಡು ತುಂಬ ಹೊತ್ತು ಕೂತಿದ್ದರು. ಆಮೇಲೆ ಹೌದು ಎಂದು ಬರೆದು, ಕೆಳಗೆ ಎರಡು ಸಾಲು ಸೇರಿಸಿ ಮಡಚಿಟ್ಟರು.

ಸುಮಾರು ಒಂದು ತಿಂಗಳಾದ ಮೇಲೆ ಒಬ್ಬ ಕಾನ್‌ಸ್ಟೇಬಲ್ ವಿಚಾರಣೆಗೆ ನಮ್ಮ ಮನೆಗೆ ಬಂದರು. ಒಳ್ಳೆಯ ಮನುಷ್ಯ, ಚಪ್ಪಲಿ ಬಾಗಿಲಲ್ಲೇ ಬಿಟ್ಟು ಒಳಗೆ ಬಂದರು. ಹುಡುಗ ಹೇಗೆ, ಕುಡಿಯುತ್ತಾನಾ, ಬಾಡಿಗೆ ಸರಿಯಾಗಿ ಕೊಡುತ್ತಾನಾ ಎಂದು ಅಬ್ಬಾನನ್ನು ಕೇಳಿದರು. ಅಬ್ಬಾ ಹೇಳಿದ್ದನ್ನೆಲ್ಲ ಬರೆದುಕೊಂಡರು. ಏಳುವಾಗ ಕುಣಿಗಲ್‌ನಿಂದ ಬಂದ ಒಂದು ಕಾಗದ ತೋರಿಸಿದರು. ಇಸ್ಪೀಟ್ ಜೂಜಿನ ಕೇಸ್, ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದಾನೆ, ೧೯೯೩.

"ಹುಡುಗ ಒಳ್ಳೆಯವ್ನು ಅಂತ ನೀವ್ ಹೇಳಿದ್ದನ್ನೂ ಬರ್ದಿದೀನಿ. ಇದನ್ನೂ ಬರೀಲೇಬೇಕಲ್ಲ ಸಾಬ್ರೆ, ಏನ್ ಮಾಡೋದು" ಎಂದು ಹೇಳಿ ಹೋದರು. ಅಲ್ಲಿಂದ ನರ್ಸಿಂಗ್ ಹೋಮಿಗೂ ಹೋಗಿ ವಿಚಾರಿಸಿದರು. ಅದು ಅವರ ಕೆಲಸ.

ಆಮೇಲೆ ಎರಡು ದಿನ ಬ್ರದರ್ ಮಹಡಿಯಿಂದ ಕೆಳಗಿಳಿದು ನಮ್ಮ ಮನೆಯೊಳಗೆ ಬರಲಿಲ್ಲ. ಮನೆಯಲ್ಲಿ ಹೆಣ್ಣುಮಗು ಇದೆ, ಜೂಜಿನ ಕೇಸಿನವನು ಬೇಡ ಎಂದು ಅಮ್ಮಿ ಅಡುಗೆಮನೆಯಲ್ಲಿ ಅಬ್ಬಾಗೆ ಹೇಳುತ್ತಿದ್ದುದು ನನಗೂ ಕೇಳಿಸಿತು. ಮೂರನೆಯ ದಿನ ನಾನಿಯೇ ನನ್ನನ್ನು ಮೇಲಕ್ಕೆ ಕಳಿಸಿದರು. "ಹೋಗು, ಕಾಲು ಕೇಳ್ತಾ ಇದೆ ಅಂತ ಹೇಳು."

ಬ್ರದರ್ ಬಂದರು. ಮಣೆ ಹಾಕಿಕೊಂಡು ಕೂತು ಕಟ್ಟು ಬಿಚ್ಚತೊಡಗಿದರು. ನಾನು ಡಬ್ಬ ಹಿಡಿದುಕೊಂಡು ನಿಂತಿದ್ದೆ. ಅಮ್ಮಿ ಬಾಗಿಲಲ್ಲಿದ್ದರು. ನಾನಿ ಕೇಳಿದರು:

"ಆಡಿದ್ಯಾ?"

"ಇಲ್ಲ ಅಜ್ಜಮ್ಮ. ಆವತ್ತು ಮನೇಲಿ ಮಸಾಲೆ ಅರೀತಿದ್ದೆ."

"ಮತ್ತೆ ಯಾಕೆ ಒಪ್ಕೊಂಡೆ?"

"ಎಲ್ರೂ ಒಪ್ಕೊಂಡ್ರು. ಒಪ್ಕೊಂಡ್ರೆ ಮಧ್ಯಾಹ್ನದ ಬಸ್‌ಗೇ ಊರಿಗೆ ವಾಪಸ್ ಬರ್ಬೋದು ಅಂದ್ರು."

ಉಳಿದದ್ದನ್ನು ಅವರು ಹೇಳಿದ್ದು ಗಾಯದ ಕಡೆ ನೋಡುತ್ತಲೇ. ಯುಗಾದಿಯ ಮರುದಿನ ಹೊಸತೊಡಕು. ಅವರ ಕಡೆ ಅವತ್ತು ಮನೆಮನೆಯಲ್ಲಿ ಮಾಂಸದಡುಗೆ, ಮರದ ಕೆಳಗೆ ಗಂಡಸರ ಇಸ್ಪೀಟು. ವರ್ಷವಿಡೀ ಎಲೆ ಮುಟ್ಟದವರೂ ಅವತ್ತು ಒಂದಾಟ ಆಡುತ್ತಾರೆ. ೧೯೯೩ರಲ್ಲಿ ಬ್ರದರ್ ಆಗ ತಾನೇ ಪಿಯುಸಿ ಪರೀಕ್ಷೆ ಬರೆದಿದ್ದರು. ಆ ಹೊಸತೊಡಕಿನ ದಿನ ಜೀಪು ಬಂತು. ಆಡುತ್ತಿದ್ದವರೆಲ್ಲ ತೋಟದ ಕಡೆ ಓಡಿದರು. ಜಮಖಾನ, ಎಲೆಗಳು, ಆರು ಜೊತೆ ಚಪ್ಪಲಿ ಪೊಲೀಸರಿಗೆ ಸಿಕ್ಕವು. ಆರು ಜನರನ್ನು ಸಂಜೆಯೊಳಗೆ ಠಾಣೆಗೆ ಕಳಿಸಿ ಎಂದು ಊರಿನವರಿಗೆ ಹೇಳಿ ಹೋದರು.

ಊರಿನ ಹಿರಿಯರು ಹಾಲಿನ ಡೈರಿ ಜಗುಲಿ ಮೇಲೆ ಸೇರಿದರು. ಓಡಿದವರು ಯಾರು ಎಂಬುದು ಎಲ್ಲರಿಗೂ ಗೊತ್ತು. ಆದರೆ ಹೋಗುವವರು ಯಾರು ಎಂಬುದನ್ನು ಅವರು ಬೇರೆ ಲೆಕ್ಕದಲ್ಲಿ ತೀರ್ಮಾನಿಸುತ್ತಿದ್ದರು. ಸರ್ಕಾರಿ ನೌಕರಿಯವರು ಬೇಡ, ಸಸ್ಪೆಂಡ್ ಆಗುತ್ತಾರೆ. ಮದುವೆಗೆ ಹೆಣ್ಣುಮಕ್ಕಳಿರುವವರು ಬೇಡ, ಸಂಬಂಧ ತಪ್ಪುತ್ತದೆ. ಉಳಿದವರು ವಯಸ್ಸಾದವರು ಮತ್ತು ಓದುವ ಹುಡುಗರು. ಹುಡುಗರಿಗೇನು, ನಾಳೆ ಮರೆತುಹೋಗುತ್ತದೆ. ಆ ಊರಿನಲ್ಲಿ ಇದನ್ನು ಯಾರೂ ಸುಳ್ಳು ಎಂದುಕೊಂಡಿರಲಿಲ್ಲ, ಕಷ್ಟ ಹಂಚಿಕೊಳ್ಳುವ ಕ್ರಮ ಎಂದೇ ತಿಳಿದಿದ್ದರು. ಓಡಿದವರಲ್ಲಿ ಒಬ್ಬರು ಬ್ರದರ್‌ನ ಚಿಕ್ಕಪ್ಪ, ಸರ್ಕಾರಿ ಬಸ್ಸಿನ ಕಂಡಕ್ಟರ್. ತಂದೆಯಿಲ್ಲದ ಬ್ರದರ್‌ನನ್ನು ಓದಿಸುತ್ತಿದ್ದವರೂ ಅವರೇ. ಅವರ ಚಪ್ಪಲಿಯ ಲೆಕ್ಕಕ್ಕೆ ಬ್ರದರ್ ಠಾಣೆಗೆ ಹೋಗಿ ನಿಂತರು.

ಕೋರ್ಟಿಗೆ ಕರೆ ಬಂದದ್ದು ತಿಂಗಳುಗಳಾದ ಮೇಲೆ, ನರ್ಸಿಂಗ್ ಶಾಲೆಗೆ ಸೇರಿದ ಮೊದಲ ವಾರದಲ್ಲಿ. ಹೊಟ್ಟೆನೋವು ಎಂದು ರಜೆ ಹಾಕಿ ಕುಣಿಗಲ್‌ಗೆ ಹೋದರು. ಹೆಸರು ಕೂಗಿದರು. ಒಪ್ಪುತ್ತೀಯಾ ಎಂದು ಕೇಳಿದರು. ಒಪ್ಪಿದರು. ದಂಡವನ್ನು ಚಿಕ್ಕಪ್ಪ ಕಟ್ಟಿದ್ದರು. ಮಧ್ಯಾಹ್ನದ ಬಸ್ಸಿಗೆ ವಾಪಸ್.

ಕಥೆ ಮುಗಿಯುವಾಗ ಕಟ್ಟುವುದೂ ಮುಗಿದಿತ್ತು. ಅಮ್ಮಿ ಒಳಗೆ ಹೋಗಿ ಚಹಾ ಮಾಡಿ ತಂದುಕೊಟ್ಟರು. ಕೋಣೆ ಬಿಡಿಸುವ ಮಾತು ಮತ್ತೆ ಬರಲಿಲ್ಲ.

ಆದರೆ ಗುಬ್ಬಿಯಿಂದ ಆದೇಶವೂ ಬರಲಿಲ್ಲ. ಅವರ ಜೊತೆ ಪಟ್ಟಿಯಲ್ಲಿದ್ದವರು ಒಬ್ಬೊಬ್ಬರೇ ಕೆಲಸಕ್ಕೆ ಸೇರಿದರು. ಇವರಿಗೆ ಮಾತ್ರ ನಿಮ್ಮ ವಿಷಯ ಪರಿಶೀಲನೆಯಲ್ಲಿದೆ ಎಂಬ ಉತ್ತರ. ಅಬ್ಬಾ ಪರಿಚಯದ ವಕೀಲರೊಬ್ಬರನ್ನು ಕೇಳಿದರು. ಸಣ್ಣ ಕೇಸು, ಆದರೆ ಒಪ್ಪಿಕೊಂಡು ದಂಡ ಕಟ್ಟಿದ್ದರಿಂದ ಶಿಕ್ಷೆ ಆದ ಹಾಗೆಯೇ ಲೆಕ್ಕ ಎಂದು ಅವರು ವಿವರಿಸಿದರು. ಅವತ್ತು ಕೋರ್ಟಿನಲ್ಲಿ ಇಲ್ಲ ಎಂದಿದ್ದರೆ, ಕೇಸು ಸಾಕ್ಷಿಯಿಲ್ಲದೆ ಬಿದ್ದುಹೋಗುತ್ತಿತ್ತೇನೋ. ಈಗ ಇರುವ ದಾರಿ ಒಂದೇ: ಆಡಿದವನು ನಾನಲ್ಲ ಎಂದು ಮೇಲಿನ ಕೋರ್ಟಿಗೆ ಅರ್ಜಿ ಹಾಕಬೇಕು, ಆಡಿದವರು ಬಂದು ಹೌದು ಎನ್ನಬೇಕು.

ಚಿಕ್ಕಪ್ಪ ನಮ್ಮ ಮನೆಗೆ ಬಂದದ್ದು ಆಗ, ಒಂದು ಭಾನುವಾರ ಬೆಳಿಗ್ಗೆ. ಖಾಕಿ ಅಂಗಿಯ ಮೇಲೆ ಟವೆಲ್ ಹೊದ್ದುಕೊಂಡು ಬಂದಿದ್ದರು. ಒಳಗೆ ಕರೆದರೂ ಬರದೆ, ಮೆಟ್ಟಿಲ ಮೇಲೇ ಕೂತರು. ಬ್ರದರ್ ಎರಡು ಮೆಟ್ಟಿಲು ಮೇಲೆ ನಿಂತಿದ್ದರು.

"ಟಿಕೆಟ್ ತಗೊಳ್ದೋನು ನಾನು, ಬಸ್ಸಿಂದ ಕೆಳಗಿಳಿಸಿದ್ದು ಇವನ್ನ. ನೋಡಿ ಸಾಬ್ರೆ, ನನ್ನ ಸರ್ವೀಸ್‌ನಲ್ಲೇ ಇಂಥದ್ದು ನೋಡಿಲ್ಲ" ಎಂದು ಅಬ್ಬಾಗೆ ಹೇಳಿ ನಗಲು ಹೋದರು. ನಗು ಬರಲಿಲ್ಲ. ಆಮೇಲೆ ಬ್ರದರ್ ಕಡೆ ತಿರುಗಿದರು. "ನಾಳೆನೇ ಬತ್ತೀನಿ ಕಣ್ಲಾ. ಆಡ್ತಿದ್ದೋನು ನಾನು ಅಂತ ಹೇಳ್ಬುಡ್ತೀನಿ."

"ಹೇಳಿದ್ರೆ ನಾಡಿದ್ದು ನಿನ್ನ ಸಸ್ಪೆಂಡ್ ಮಾಡ್ತಾರೆ."

"ಮಾಡ್ಲಿ ಬುಡು."

"ಮನೇಲಿ ಇಬ್ರು ಹುಡ್ಗೀರು ಅವ್ರೆ. ಸುಮ್ಕಿರು ಚಿಕ್ಕಪ್ಪ."

ಚಿಕ್ಕಪ್ಪ ಟವೆಲಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತರು. ಇನ್ನು ಮೂರು ವರ್ಷ ಸರ್ವೀಸಿದೆ, ೨೦೦೫ರ ಮೇ ಕೊನೆಗೆ ನಿವೃತ್ತಿ ಎಂದರು. ಅದು ಮುಗಿದ ಮೇಲೆ ಒಂದು ದಿನವೂ ತಡಮಾಡದೆ ಬಂದು ಹೇಳುತ್ತೇನೆ, ಅಲ್ಲಿಯವರೆಗೆ ತಡೆದುಕೊ ಎಂದರು. ಬ್ರದರ್ ಬಸ್ಸಿಗೆ ಹೊತ್ತಾಯಿತು ಎಂದು ಅವರನ್ನು ನಿಲ್ದಾಣದವರೆಗೆ ಬಿಟ್ಟು ಬಂದರು. ನಾನು ನಿವೃತ್ತಿಯ ಆ ತಿಂಗಳನ್ನು ಡೈರಿಯಲ್ಲಿ ಬರೆದಿಟ್ಟೆ. ಆಮೇಲಿನ ಪ್ರತಿ ಹೊಸ ಡೈರಿಗೂ ಅದನ್ನು ಮೊದಲ ಪುಟದಲ್ಲಿ ಎತ್ತಿ ಬರೆಯುತ್ತಿದ್ದೆ.

ನರ್ಸಿಂಗ್ ಹೋಮಿನಲ್ಲಿ ಯಾರೂ ಕೆಟ್ಟ ಮಾತು ಆಡಲಿಲ್ಲ. ಅಲ್ಲಿಯ ದೊಡ್ಡ ಡಾಕ್ಟರು ಕರೆದು, ಪೊಲೀಸಿನವರು ಬಂದು ಹೋದ ಮೇಲೆ ಜನ ನೂರೆಂಟು ಕೇಳುತ್ತಾರೆ, ಸ್ವಲ್ಪ ದಿನ ಇಂಜೆಕ್ಷನ್ ಬೀರುವಿನ ಕೀ ಸಿಸ್ಟರ್ ಹತ್ತಿರ ಇರಲಿ ಎಂದರಂತೆ. ನಿದ್ದೆಯ ಇಂಜೆಕ್ಷನ್, ನೋವಿನ ಇಂಜೆಕ್ಷನ್ ಇಡುವ ಬೀರು ಅದು. ಕೀ ಇಲ್ಲದ ನರ್ಸು ರಾತ್ರಿ ಡ್ಯೂಟಿ ಮಾಡುವ ಹಾಗಿಲ್ಲ. ರೋಗಿ ನೋವು ಎಂದಾಗ ಕೀ ಇರುವವರನ್ನು ಹುಡುಕಿಕೊಂಡು ಓಡಬೇಕು. ಸ್ವಲ್ಪ ದಿನ ಎಂದದ್ದು ಮುಗಿಯಲೇ ಇಲ್ಲ. ಮೊದಲು ರಾತ್ರಿ ಡ್ಯೂಟಿ ಹೋಯಿತು, ಆಮೇಲೆ ವಾರ್ಡ್ ಹೋಯಿತು. ಕೊನೆಗೆ ಅವರಿಗೆ ಉಳಿದದ್ದು ಹೊರರೋಗಿಗಳ ಚೀಟಿ ಬರೆಯುವ ಕೆಲಸ. ಬಿಟ್ಟುಬಿಟ್ಟರು. ತುಮಕೂರಿನ ಬೇರೆ ಎರಡು ಕಡೆ ಕೇಳಿದರು. ಅಲ್ಲಿಯೂ ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಎಂಬ ಪ್ರಶ್ನೆಗೆ ಅವರು ಇದ್ದದ್ದನ್ನೇ ಹೇಳಿದರು. ತಿಳಿಸುತ್ತೇವೆ ಎಂದವರು ತಿಳಿಸಲಿಲ್ಲ. ಆಯ್ಕೆ ಪಟ್ಟಿಯ ಅವಧಿಯೂ ಅಷ್ಟರಲ್ಲಿ ಮುಗಿದಿತ್ತು.

ಕೆಲವು ದಿನ ಸೈಕಲ್ಲಿನಲ್ಲಿ ಮನೆಮನೆಗೆ ಹೋಗಿ ಇಂಜೆಕ್ಷನ್, ಡ್ರೆಸಿಂಗ್ ಮಾಡಿದರು. ಆಮೇಲೆ ಅಬ್ಬಾ ಸತ್ಯಮಂಗಲದಲ್ಲಿ ತಮಗೆ ಗೊತ್ತಿದ್ದ ಒಂದು ಕಾರ್ಖಾನೆಯಲ್ಲಿ ಪ್ರಥಮ ಚಿಕಿತ್ಸೆಯ ಕೋಣೆ ನೋಡಿಕೊಳ್ಳಲು ಸೇರಿಸಿದರು. ಅಲ್ಲಿ ದಿನಾ ಯಾರಿಗೂ ಪೆಟ್ಟಾಗುವುದಿಲ್ಲವಲ್ಲ. ಪೆಟ್ಟಾಗದ ದಿನಗಳಲ್ಲಿ ಪ್ಯಾಕಿಂಗ್‌ಗೆ ಕೂರಿಸುತ್ತಿದ್ದರು. ಬ್ರದರ್ ಆ ಬಗ್ಗೆ ದೂರಲಿಲ್ಲ. ಆದರೆ ಡ್ಯೂಟಿಗೆ ಹೋಗುವಾಗ ಹಾಕಿಕೊಳ್ಳುತ್ತಿದ್ದ ಬಿಳಿ ಷರಟುಗಳನ್ನು ಒಗೆದು ಇಸ್ತ್ರಿ ಮಾಡಿ ಟ್ರಂಕಿನಲ್ಲಿ ಇಟ್ಟುಬಿಟ್ಟರು. ನಾನಿಯ ಗಾಯ ಅಷ್ಟರಲ್ಲಿ ಮಾಯ್ದಿತ್ತು. ಆದರೂ ಭಾನುವಾರ ಬಂದು ಪಾದವನ್ನು ಬೆಳಕಿಗೆ ಹಿಡಿದು ನೋಡಿ ಹೋಗುತ್ತಿದ್ದರು. ಡಬ್ಬವೂ ಕುಕ್ಕರಿನಲ್ಲಿ ಕೂರುತ್ತಿತ್ತು. ಯಾರಿಗೆ ಯಾವಾಗ ಬೇಕಾಗುತ್ತದೋ ಎನ್ನುತ್ತಿದ್ದರು...

೨೦೦೫ರ ಯುಗಾದಿಗೆ ಇನ್ನೂ ಕೆಲವು ದಿನ ಇರುವಾಗ ಬ್ರದರ್ ಕೋಣೆ ಖಾಲಿ ಮಾಡಿದರು. ಅಬ್ಬಾಗೆ ಹೇಳಿದ್ದು ಬೇರೆ ಕಡೆ ಕೆಲಸ ಸಿಕ್ಕಿದೆ ಎಂದಷ್ಟೇ. ನಾನು ಆಗ ಕಾಲೇಜಿನಲ್ಲಿದ್ದೆ, ಅವರು ಹೊರಟ ಹೊತ್ತಿಗೆ ಮನೆಯಲ್ಲಿರಲಿಲ್ಲ. ಡಬ್ಬವನ್ನು ನಾನಿಯ ತಲೆದಿಂಬಿನ ಪಕ್ಕ ಇಟ್ಟು, ಪಾದ ಮುಟ್ಟಿ ನಮಸ್ಕಾರ ಮಾಡಿ ಹೋದರಂತೆ.

ಜೂನ್ ಮೊದಲ ವಾರದಲ್ಲಿ ಚಿಕ್ಕಪ್ಪ ಬಂದರು. ಒಂದು ದಿನವೂ ತಡಮಾಡುವುದಿಲ್ಲ ಎಂದಿದ್ದವರು ಮೂರು ದಿನ ತಡಮಾಡಿದ್ದರು, ನಿವೃತ್ತಿಯ ಕಾಗದಗಳ ಓಡಾಟವಂತೆ. ಈ ಸಲ ಖಾಕಿ ಇರಲಿಲ್ಲ, ಬಿಳಿ ಪಂಚೆ, ಬಿಳಿ ಅಂಗಿ. ನೇರವಾಗಿ ಮಹಡಿ ಹತ್ತಿದರು. ಬೀಗ ನೋಡಿಕೊಂಡು ಇಳಿದರು.

"ಎಲ್ಲಿಗೆ ಹೋದ? ಊರಿಗೂ ಬಂದಿಲ್ಲ. ಅವ್ವನಿಗೆ ದುಡ್ಡು ಮಾತ್ರ ಕಳಿಸ್ತವ್ನೆ, ಅಡ್ರೆಸ್ಸೇ ಹಾಕಾಕಿಲ್ಲ."

ನಮಗೆ ಗೊತ್ತಿಲ್ಲ ಎಂದು ಅಬ್ಬಾ ಹೇಳಿದರು. ಆಗ ನಾನಿ ಒಳಗಿನಿಂದ ಕರೆದರು. ಚಿಕ್ಕಪ್ಪ ಮೊದಲ ಬಾರಿಗೆ ನಮ್ಮ ಮನೆಯೊಳಗೆ ಬಂದರು.

ಬ್ರದರ್ ಹೊರಡುವ ದಿನ ನಾನಿಗೆ ಒಂದು ಮಾತು ಹೇಳಿದ್ದರು. ಚಿಕ್ಕಪ್ಪ ಬಂದೇ ಬರುತ್ತಾರೆ, ಹಟ ಹಿಡಿದರೆ ಬಿಡುವವರಲ್ಲ. ಈಗ ಬಾಯಿಬಿಟ್ಟರೆ ಪಿಂಚಣಿಗೆ ಕುತ್ತು ಬಂದೀತು, ಚಿಕ್ಕ ಮಗಳ ಮದುವೆ ಇನ್ನೂ ಆಗಿಲ್ಲ. ನಾನು ಸಿಗದಿದ್ದರೆ ಅರ್ಜಿ ಹಾಕುವವರು ಯಾರೂ ಇರುವುದಿಲ್ಲ, ಅವರು ಸುಮ್ಮನಾಗುತ್ತಾರೆ ಎಂದಿದ್ದರು. ನಾನಿ ಇದನ್ನು ನಮಗೆ ಯಾರಿಗೂ ಹೇಳಿರಲಿಲ್ಲ. ಚಿಕ್ಕಪ್ಪನಿಗೂ ಹೇಳಬೇಡಿ ಎಂದು ಬ್ರದರ್ ಕೇಳಿಕೊಂಡಿದ್ದರಂತೆ. ನಾನಿ ಹೇಳಿಬಿಟ್ಟರು. "ಅವನು ಹೇಳಬೇಡ ಅಂದ. ನಾನು ಹೂಂ ಅಂದಿಲ್ಲ" ಎಂದರು.

ಚಿಕ್ಕಪ್ಪ ಕುರ್ಚಿಯ ಮೇಲೆ ಕೂತಿದ್ದವರು ಮಂಚದ ಪಕ್ಕದ ಆ ಮಣೆಯನ್ನೇ ನೋಡುತ್ತಾ ಹೇಳಿದರು.

"ತಲೆ ತಪ್ಪಿಸ್ಕೊಂಡು ಓಡಾಡ್ಬೇಕಾದೋನು ನಾನು ಕಣಮ್ಮ. ಇದ್ನೂ ಅವನೇ ಮಾಡ್ತವ್ನೆ."

ಅವರು ಸುಮ್ಮನಾಗಲಿಲ್ಲ. ಮಗಳ ಮದುವೆ ಮುಗಿಸಿ, ೨೦೦೬ರಲ್ಲಿ ಕುಣಿಗಲ್‌ನ ವಕೀಲರ ಹತ್ತಿರ ಹೋಗಿ, ಅವತ್ತು ಆಡುತ್ತಿದ್ದವನು ನಾನು ಎಂದು ಪ್ರಮಾಣಪತ್ರ ಮಾಡಿಸಿದರು. ಅವತ್ತು ಓಡಿದ ಇನ್ನಿಬ್ಬರನ್ನೂ ಕರೆತಂದು ಸಹಿ ಹಾಕಿಸಿದರು. ಪಿಂಚಣಿಗೆ ಇದುವರೆಗೆ ಏನೂ ಆಗಿಲ್ಲ, ಆದರೂ ಆಗಲಿ ಎನ್ನುತ್ತಾರೆ. ಇಷ್ಟು ವರ್ಷವಾದ ಮೇಲೆ ಕೋರ್ಟು ಕೇಳುತ್ತದೋ ಇಲ್ಲವೋ ವಕೀಲರಿಗೂ ಖಾತ್ರಿ ಇಲ್ಲ. ಕೇಳಬೇಕಾದರೂ ಅರ್ಜಿಗೆ ಸಹಿ ಹಾಕಬೇಕಾದವರು ಬ್ರದರ್ ಒಬ್ಬರೇ. ಅವರೇ ಇಲ್ಲ.

ಗುಬ್ಬಿಯಲ್ಲಿ ಒಂದು ಸುಳಿವು ಸಿಕ್ಕಿತ್ತು. ಅಬ್ಬಾ ತೆಂಗಿನಕಾಯಿ ಸುಲಿಯುವ ಕಬ್ಬಿಣದ ಸಲಾಕೆಗಳನ್ನು ಮಾಡಿ ಗುಬ್ಬಿಯ ಮಂಡಿಗಳಿಗೆ ಕೊಡುತ್ತಾರೆ. ಕಾಯಿ ಸುಲಿಯುವವರ ಅಂಗೈಗೆ ಗಾಯವಾಗುವುದು ಮಾಮೂಲು. ಕಳೆದ ವರ್ಷ ಅಲ್ಲಿಯ ಒಬ್ಬ ಕೆಲಸಗಾರನ ಕೈಯಲ್ಲಿ ಕಟ್ಟು ನೋಡಿ ಅಬ್ಬಾ ನಿಂತರಂತೆ. ಗಂಟು ಗಾಯದ ಮೇಲೆ ಬರದ ಹಾಗೆ ಪಕ್ಕಕ್ಕೆ ಸರಿಸಿ, ತುದಿಯನ್ನು ಒಳಕ್ಕೆ ಮಡಚಿದ ಕಟ್ಟು. ನಾನಿಯ ಕಾಲಿನ ಮೇಲೆ ಅಬ್ಬಾ ಅದನ್ನು ವರ್ಷಗಟ್ಟಲೆ ನೋಡಿದ್ದರು. ಯಾರು ಕಟ್ಟಿದ್ದು ಎಂದು ಕೇಳಿದರು. ಸಂತೆ ದಿನ ಒಬ್ಬರು ಬರುತ್ತಾರೆ, ಕಟ್ಟಿ ಹೋಗುತ್ತಾರೆ, ದುಡ್ಡು ತಗೊಳ್ಳಲ್ಲ ಎಂದನಂತೆ ಅವನು. ಮುಂದಿನ ಸಂತೆಗೆ ಅಬ್ಬಾನೊಂದಿಗೆ ನಾನೂ ಹೋದೆ, ಅದರ ಮುಂದಿನದಕ್ಕೂ. ಬರಲಿಲ್ಲ. ಯಾರೋ ಹುಡುಕಿಕೊಂಡು ಬಂದಿದ್ದಾರೆ ಎಂದು ಆ ಕೆಲಸಗಾರ ಅವರಿಗೆ ಹೇಳಿರಬೇಕು. ಯಾಕೆ ಹುಡುಕುತ್ತಿದ್ದೇವೆ ಎಂದು ಹೇಳಿ ಕಳಿಸಬೇಕೆಂದು ಅಬ್ಬಾಗೆ ಹೊಳೆದಿರಲಿಲ್ಲ.

ನಾನಿ ಅದೇ ವರ್ಷದ ಚಳಿಗಾಲದಲ್ಲಿ ತೀರಿಹೋದರು. ಕಾಲಿನ ಗಾಯದಿಂದಲ್ಲ, ಎದೆನೋವಿನಿಂದ. ಅವರಿಗೆ ಕೊನೆಯ ಸ್ನಾನ ಮಾಡಿಸಿ ಸಿದ್ಧ ಮಾಡುವಾಗ ಅಮ್ಮಿ ಬಲಪಾದವನ್ನು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೆಯೇ ಇದ್ದರು. ಅಲ್ಲಿ ಬರೀ ಒಂದು ತೆಳು ಗೆರೆ ಉಳಿದಿತ್ತು.

ಈಗ ನಾನು ಒಂದು ನರ್ಸಿಂಗ್ ಶಾಲೆಯ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಈ ವರ್ಷ ಸೇರಲು ಬಂದ ಹುಡುಗರಲ್ಲಿ ಒಬ್ಬ ಬಾಗಿಲ ಹತ್ತಿರ ಹಿಂದೆ ಉಳಿದು, "ಮೇಡಂ, ಫೈನ್ ಕಟ್ಟಿದ್ರೆ ಕೇಸ್ ಮುಗೀತು ತಾನೇ?" ಎಂದು ಕೇಳಿದ. ಹೋದ ವರ್ಷದ ಗಣೇಶನ ಮೆರವಣಿಗೆಯಲ್ಲಿ ಗಲಾಟೆಯಂತೆ, ಕೋರ್ಟಿಗೆ ಇನ್ನೂ ಹೋಗಬೇಕಂತೆ. ನಾನು ಅವನನ್ನು ಕೂರಿಸಿ, ಮೊದಲು ಒಬ್ಬ ವಕೀಲರನ್ನು ನೋಡು, ಬೇಗ ಮುಗಿಯುತ್ತದೆ ಎಂದು ಯಾರು ಹೇಳಿದರೂ ಮಾಡದ್ದನ್ನು ಒಪ್ಪಿಕೊಳ್ಳಬೇಡ ಎಂದೆ. ಅವನಿಗೆ ಸ್ವಲ್ಪ ಹೆಚ್ಚಾಯಿತು ಅನ್ನಿಸಿರಬಹುದು. ಬಸ್ಸಿಗೆ ಹೊತ್ತಾಗುತ್ತೆ ಮೇಡಂ ಎಂದು ಎದ್ದು ಹೋದ.

ಈಗ ಮಧ್ಯಾಹ್ನ ಒಂದು ಗಂಟೆ ದಾಟಿದೆ. ಅಟ್ಟದ ಸಾಮಾನೆಲ್ಲ ಮೇಲೆ ಹೋಯಿತು. ಡಬ್ಬ ಕೆಳಗೇ ಇದೆ. ಹಳೆಯ ಗಾಜ್ ಬಟ್ಟೆಯನ್ನು ಅಮ್ಮಿ ತೆಗೆದು, ಡಬ್ಬ ತೊಳೆದು ಬಿಸಿಲಿಗೆ ಬೋರಲು ಹಾಕಿದ್ದಾರೆ.

ಇದನ್ನು ಬರೆದು ಪತ್ರಿಕೆಗೆ ಕಳಿಸು ಎಂದವರು ಚಿಕ್ಕಪ್ಪ. ಹೆಸರು ಬೇಡ, ಓದಿದರೆ ಅವನಿಗೆ ಗೊತ್ತಾಗುತ್ತದೆ ಎಂದರು. ಬ್ರದರ್‌ಗೆ ಈಗ ಮೂವತ್ತಮೂರು ದಾಟಿರಬಹುದು. ಕುಣಿಗಲ್ ಕಡೆಯ ಮಾತು, ಎತ್ತರದ ಆಳು, ಇಕ್ಕಳ ಹಿಡಿಯುವುದು ಎಡಗೈಯಲ್ಲಿ. ಗುಬ್ಬಿ, ತುಮಕೂರು, ಕುಣಿಗಲ್ ಸುತ್ತಮುತ್ತ ಸಂತೆಯಲ್ಲೋ ಮಂಡಿಯಲ್ಲೋ ಕಾರ್ಖಾನೆಯಲ್ಲೋ ದುಡ್ಡು ತೆಗೆದುಕೊಳ್ಳದೆ ಗಾಯ ಕಟ್ಟುವ ಇಂಥವರನ್ನು ಕಂಡಿದ್ದರೆ ಈ ಪತ್ರಿಕೆಯ ವಿಳಾಸಕ್ಕೆ ನಾಲ್ಕು ಸಾಲು ಬರೆಯಿರಿ. ಅವರನ್ನು ತಡೆದು ನಿಲ್ಲಿಸಬೇಡಿ, ಹೊರಟುಹೋಗುತ್ತಾರೆ. ತಪ್ಪು ತನ್ನದೆಂದು ಚಿಕ್ಕಪ್ಪ ಆಗಲೇ ಹೇಳಿಯಾಗಿದೆ, ಇನ್ನು ಅವರು ಕಾಪಾಡಬೇಕಾದದ್ದು ಏನೂ ಉಳಿದಿಲ್ಲ ಎಂದಷ್ಟೇ ತಿಳಿಸಿ.